ವೈದ್ಯಕೀಯ ನಿಘಂಟು

ವೈದ್ಯಕೀಯ ನಿಘಂಟು ಎಂಬುದು ರೋಗ, ಅಂಗರಚನೆ, ಔಷಧ, ತಪಾಸಣೆ ಹಾಗೂ ಶಸ್ತ್ರಚಿಕಿತ್ಸೆಗಳಿಗೆ ಸಂಬಂಧಿಸಿದ ಪಾರಿಭಾಷಿಕ ಪದಗಳ ಅರ್ಥ ಮತ್ತು ವ್ಯುತ್ಪತ್ತಿಯನ್ನು ತಿಳಿಸುವ ಆಕರ ಗ್ರಂಥ. ವೈದ್ಯರು ಪರಸ್ಪರ ಒಂದೇ ಅರ್ಥದಲ್ಲಿ ಪದಗಳನ್ನು ಬಳಸುವಂತೆ ನೋಡಿಕೊಳ್ಳುವುದು ಇದರ ಮೊದಲ ಉದ್ದೇಶ. ವೈದ್ಯರ ಪರಿಭಾಷೆಗೂ ರೋಗಿಯ ಆಡುಮಾತಿಗೂ ನಡುವಿನ ಅಂತರವನ್ನು ಕಡಿಮೆ ಮಾಡುವುದು ಎರಡನೆಯದು.

ಇತಿಹಾಸ

ಹಿಪಾಕ್ರಟಿಸ್‌ನ ಹೆಸರಿನಲ್ಲಿರುವ ಗ್ರಂಥಗಳ ಕಠಿಣ ಪದಗಳಿಗೆ ಕ್ರಿ.ಶ. 1ನೆಯ ಶತಮಾನದಲ್ಲಿ ಎರೋಟಿಯನ್ ಎಂಬಾತ ಅರ್ಥಕೋಶವನ್ನು ರಚಿಸಿದನು. 2ನೆಯ ಶತಮಾನದಲ್ಲಿ ವೈದ್ಯ ಗ್ಯಾಲೆನ್ ಕೂಡ ಇಂತಹ ಕೋಶವನ್ನು ಸಿದ್ಧಪಡಿಸಿದನು. ಇಂಗ್ಲಿಷಿನಲ್ಲಿ ರಾಬರ್ಟ್ ಜೇಮ್ಸ್‌ನ ಮೂರು ಸಂಪುಟಗಳ ವೈದ್ಯಕೀಯ ನಿಘಂಟು 1743-45ರಲ್ಲಿ ಪ್ರಕಟವಾಯಿತು. ಇದಕ್ಕೆ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ನನ ನೆರವಿತ್ತು. 1900ರಲ್ಲಿ ಮೊದಲು ಪ್ರಕಟವಾದ ಡಾರ್ಲೆಂಡನ ನಿಘಂಟು ಇಂದಿಗೂ ಪರಿಷ್ಕರಣಗೊಳ್ಳುತ್ತಿದೆ. ಒಂದೇ ಅಂಗಕ್ಕೆ ಹಲವು ಹೆಸರುಗಳಿದ್ದ ಗೊಂದಲವನ್ನು ನಿವಾರಿಸಲು 1895ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಅಂಗರಚನಾ ಪದಗಳ ಏಕರೂಪದ ಪಟ್ಟಿಯನ್ನು ಅಂಗೀಕರಿಸಲಾಯಿತು.

ಆಯುರ್ವೇದದಲ್ಲಿ 'ನಿಘಂಟು' ಎಂದರೆ ಮುಖ್ಯವಾಗಿ ಔಷಧದ್ರವ್ಯಗಳ ಪರ್ಯಾಯನಾಮ ಹಾಗೂ ಗುಣಗಳನ್ನು ಹೇಳುವ ಗ್ರಂಥ. ಧನ್ವಂತರಿ ನಿಘಂಟು, ಮದನಪಾಲ ನಿಘಂಟು ಮತ್ತು ರಾಜನಿಘಂಟು ಪ್ರಸಿದ್ಧವಾಗಿವೆ.

ಪದರಚನೆ

ಪಾಶ್ಚಾತ್ಯ ವೈದ್ಯಕೀಯ ಪದಗಳು ಬಹುಪಾಲು ಗ್ರೀಕ್ ಮತ್ತು ಲ್ಯಾಟಿನ್ ಮೂಲದವು. 'ಐಟಿಸ್' ಎಂದು ಕೊನೆಗೊಳ್ಳುವ ಪದ ಉರಿಯೂತವನ್ನೂ, 'ಎಕ್ಟಮಿ' ಎಂದು ಕೊನೆಗೊಳ್ಳುವ ಪದ ಕತ್ತರಿಸಿ ತೆಗೆಯುವುದನ್ನೂ ಸೂಚಿಸುತ್ತದೆ. ಅಪೆಂಡಿಸೈಟಿಸ್ ರೋಗ, ಅಪೆಂಡೆಕ್ಟಮಿ ಅದರ ಶಸ್ತ್ರಚಿಕಿತ್ಸೆ. ಪೂರ್ವಪ್ರತ್ಯಯದ ಸಣ್ಣ ವ್ಯತ್ಯಾಸವೂ ಅಪಾಯಕಾರಿಯಾಗಬಲ್ಲದು. ಹೈಪರ್‌ಗ್ಲೈಸೀಮಿಯಾ ಎಂದರೆ ರಕ್ತದಲ್ಲಿ ಸಕ್ಕರೆ ಹೆಚ್ಚಿರುವುದು, ಹೈಪೋಗ್ಲೈಸೀಮಿಯಾ ಎಂದರೆ ಕಡಿಮೆಯಾಗಿರುವುದು. ಇವೆರಡರ ಚಿಕಿತ್ಸೆ ಪರಸ್ಪರ ವಿರುದ್ಧ.

ಕನ್ನಡದಲ್ಲಿ ವೈದ್ಯಕೀಯ ಭಾಷೆ

ಕನ್ನಡದ ವೈದ್ಯ ಸಾಹಿತ್ಯ ಪ್ರಾಚೀನವಾದುದು. ಕೀರ್ತಿವರ್ಮನ 'ಗೋವೈದ್ಯ' ಹಾಗೂ ಜಗದ್ದಳ ಸೋಮನಾಥನ 'ಕರ್ಣಾಟಕ ಕಲ್ಯಾಣಕಾರಕ' 12ನೆಯ ಶತಮಾನದವು. ವಿಷಚಿಕಿತ್ಸೆಯನ್ನು ಕುರಿತ ಮಂಗರಾಜನ 'ಖಗೇಂದ್ರಮಣಿದರ್ಪಣ' 14ನೆಯ ಶತಮಾನದ್ದು. ಆಧುನಿಕ ಕಾಲದಲ್ಲಿ ಅನುಪಮಾ ನಿರಂಜನರಂತಹ ವೈದ್ಯ ಲೇಖಕರು ಈ ವಿಷಯಗಳನ್ನು ಸಾಮಾನ್ಯ ಓದುಗರಿಗೆ ತಲುಪಿಸಿದರು.

ಇಂದಿನ ಕನ್ನಡದಲ್ಲಿ ಮೂರು ಬಗೆಯ ಪದಗಳು ಜೊತೆಜೊತೆಯಾಗಿ ಬಳಕೆಯಲ್ಲಿವೆ: 'ಮಧುಮೇಹ', 'ಹೃದಯಾಘಾತ'ದಂತಹ ಸಂಸ್ಕೃತಜನ್ಯ ಪದಗಳು, 'ನೆಗಡಿ', 'ಕೆಮ್ಮು', 'ಮಂಗನಬಾವು'ಗಳಂತಹ ಆಡುನುಡಿಗಳು, 'ಕ್ಯಾನ್ಸರ್', 'ಸ್ಕ್ಯಾನಿಂಗ್'ಗಳಂತಹ ಎರವಲು ಪದಗಳು.

ಎರವಲು ಪದಗಳು ಕೆಲವೊಮ್ಮೆ ಮೂಲಾರ್ಥವನ್ನು ಬಿಟ್ಟುಕೊಡುತ್ತವೆ. ಬಿಪಿ ಎಂದರೆ ರಕ್ತದೊತ್ತಡ. ಅದು ಎಲ್ಲರಿಗೂ ಇರುತ್ತದೆ. ಆದರೆ 'ಅವರಿಗೆ ಬಿಪಿ ಇದೆ' ಎಂದಾಗ ಅಧಿಕ ರಕ್ತದೊತ್ತಡ ಎಂದೇ ಅರ್ಥ. 'ಗ್ಯಾಸ್ಟ್ರಿಕ್' ಎಂಬುದು ಇಂಗ್ಲಿಷಿನಲ್ಲಿ ಜಠರಕ್ಕೆ ಸಂಬಂಧಿಸಿದ ಎಂಬ ವಿಶೇಷಣ. ಕನ್ನಡದಲ್ಲಿ ಅದೊಂದು ಕಾಯಿಲೆಯ ಹೆಸರಾಗಿದೆ. ಎದೆಯ ನೋವನ್ನು 'ಗ್ಯಾಸ್ಟ್ರಿಕ್' ಎಂದು ಕರೆದು ಸುಮ್ಮನಾದರೆ ಹೃದಯಾಘಾತದ ಚಿಕಿತ್ಸೆ ತಡವಾಗುವ ಸಂಭವವಿದೆ.

ಹೆಸರು ಮತ್ತು ರೋಗದ ತಿಳಿವಳಿಕೆ

'ಹರ್ಪಿಸ್ ಜೋಸ್ಟರ್' ಎಂಬುದರ ಕನ್ನಡ ಹೆಸರು ಸರ್ಪಸುತ್ತು. ಗ್ರೀಕಿನ 'ಹರ್ಪಿಸ್' ತೆವಳುವುದು ಎಂಬರ್ಥದ ಧಾತುವಿನಿಂದ ಬಂದಿದ್ದು, ಸಂಸ್ಕೃತದ 'ಸರ್ಪ'ಕ್ಕೆ ಸಜಾತಿಯಾಗಿದೆ. 'ಜೋಸ್ಟರ್' ಎಂದರೆ ಸೊಂಟಪಟ್ಟಿ. ಎರಡೂ ಹೆಸರುಗಳು ಹೋಲುತ್ತವೆಯಾದರೂ ರೋಗಕ್ಕೂ ಹಾವಿಗೂ ಸಂಬಂಧವಿಲ್ಲ. ಸೀತಾಳೆ ಸಿಡುಬಿನ ವೈರಾಣುವೇ ನರಗಳಲ್ಲಿ ಉಳಿದು ಮತ್ತೆ ಚುರುಕಾದಾಗ ಇದು ಬರುತ್ತದೆ. ಗುಳ್ಳೆಗಳು ಕಾಣಿಸಿಕೊಂಡ 72 ಗಂಟೆಗಳೊಳಗೆ ವೈರಾಣುನಿರೋಧಕ ಔಷಧ ಆರಂಭಿಸಿದರೆ ಹೆಚ್ಚು ಪ್ರಯೋಜನ. ಸರ್ಪದೋಷವೆಂದು ಭಾವಿಸಿ ಕಾಲ ಕಳೆದರೆ ಈ ಅವಕಾಶ ತಪ್ಪುತ್ತದೆ.

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು 1957ರಲ್ಲಿ ಪತ್ತೆಯಾದ ರೋಗವೊಂದರ ಮೂಲಕ ಜಗತ್ತಿನ ವೈದ್ಯಕೀಯ ನಿಘಂಟುಗಳನ್ನು ಸೇರಿತು. ಜನರು ಅದನ್ನು 'ಮಂಗನ ಕಾಯಿಲೆ' ಎನ್ನುತ್ತಾರೆ. ಆದರೆ ಮನುಷ್ಯರಿಗೆ ಅದನ್ನು ಹರಡುವುದು ಮುಖ್ಯವಾಗಿ ಉಣುಗು. ಮಂಗಗಳೂ ಅದರಿಂದ ಸಾಯುತ್ತವೆ. ಸ್ಥಳ, ಪ್ರಾಣಿ ಅಥವಾ ಜನಸಮುದಾಯದ ಹೆಸರನ್ನು ಹೊಸ ರೋಗಗಳಿಗೆ ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ನೀಡಿತು.

ಮಿತಿಗಳು

ನಿಘಂಟು ಪದದ ಅರ್ಥವನ್ನು ತಿಳಿಸುತ್ತದೆಯೇ ಹೊರತು ರೋಗವನ್ನು ನಿರ್ಣಯಿಸುವುದಿಲ್ಲ. ಉದಾಹರಣೆಗೆ, 'ಕಾಮಾಲೆ' ಎಂಬುದು ಕಣ್ಣು ಮತ್ತು ಚರ್ಮ ಹಳದಿಯಾಗುವ ಲಕ್ಷಣ. ಯಕೃತ್ತಿನ ಸೋಂಕು, ಪಿತ್ತನಾಳದ ತಡೆ, ಕೆಂಪು ರಕ್ತಕಣಗಳ ಅತಿಯಾದ ನಾಶ ಮುಂತಾದ ಕಾರಣಗಳಲ್ಲಿ ಯಾವುದರಿಂದ ಅದು ಬಂದಿದೆ ಎಂಬುದು ವೈದ್ಯಕೀಯ ಪರೀಕ್ಷೆಯಿಂದಲೇ ತಿಳಿಯಬೇಕು.