ಖಡಕ್ ರೊಟ್ಟಿಗೂ ಪೊಟ್ಟಣದೂಟಕ್ಕೂ ನಾಲಗೆಯದೇ ತೀರ್ಪು

ಸಿಕಂದರಾಬಾದಿನಿಂದ ವಾಡಿಗೆ ನಿಜಾಮರ ರೈಲು ಬಂದದ್ದು 1874ರಲ್ಲಿ. ಸೇಡಂ, ಚಿತ್ತಾಪುರ ಸೀಮೆಯಲ್ಲಿ ದೂರದ ಪಯಣದ ಬುತ್ತಿಯೆಂದರೆ ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ರೊಟ್ಟಿ ಮುರಿದರೆ ಚಟ್ಟೆನ್ನಬೇಕು. ಬಗ್ಗಿದರೆ ತೇವ ಹಿಡಿದಿದೆ ಎಂದರ್ಥ. ಹಿಂಡಿ ಕಮಟು ನಾತ ಬೀರಿದರೆ ಶೇಂಗಾದ ಎಣ್ಣೆ ಕೆಟ್ಟಿದೆ.

ಸಿದ್ಧ ಆಹಾರದ ಪೊಟ್ಟಣಗಳಿಗೂ ಇಂಥದೇ ಪರೀಕ್ಷೆಯುಂಟು. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಆರಂಭವಾದದ್ದು 1961ರಲ್ಲಿ. ‘ಅತಿ ಇಷ್ಟ’ದಿಂದ ‘ತೀರಾ ಬೇಡ’ದವರೆಗಿನ 9 ಅಂಕದ ರುಚಿ ಮಾಪನವನ್ನು ಅಮೆರಿಕದ ಸೇನೆ 1940ರ ದಶಕದಲ್ಲೇ ರೂಪಿಸಿತ್ತು. ರೋಗಾಣುವಿಲ್ಲವೆಂದು ಉಪಕರಣ ಹೇಳಿದರೇನು? ಪಲಾವ್ ಮುದ್ದೆಗಟ್ಟಿದ್ದರೆ ಸೈನಿಕ ಬದಿಗೆ ಸರಿಸಿ ಹಸಿದೇ ಇರುತ್ತಾನೆ. ಪೊಟ್ಟಣಗಳನ್ನು 37 ಡಿಗ್ರಿ ಸೆಕೆಯಲ್ಲಿ (ಶಹಾಬಾದಿನ ಬೇಸಿಗೆಗೆ ಇದೇನೂ ಹೆಚ್ಚಲ್ಲ!) ತಿಂಗಳುಗಟ್ಟಲೆ ಇಟ್ಟು, ಆಗಾಗ ಒಡೆದು ರುಚಿ ನೋಡುವುದು ಅದಕ್ಕೇ.