ಕಿರುಗಾವಲು ಸುತ್ತಮುತ್ತ: ಐದು ಕಾಲ, ಐದು ಭಯದ ಆಟ

ದೆವ್ವದ ಕಥೆಯಲ್ಲಿ ಒಂದು ಸಮಾಧಾನ ಇರುತ್ತದೆ, ಗಮನಿಸಿದ್ದೀರಾ? ದೆವ್ವಕ್ಕೆ ನಮ್ಮ ಮೇಲೆ ಕೋಪ ಇರುತ್ತದೆ. ಕೋಪ ಇದ್ದರೆ ಅದಕ್ಕೊಂದು ಕಾರಣ ಇರುತ್ತದೆ. ಕಾರಣ ಇದ್ದರೆ ಪರಿಹಾರವೂ ಇರುತ್ತದೆ. ಒಂದು ಶಾಂತಿ ಮಾಡಿಸಿ, ಒಂದು ನಿಂಬೆಹಣ್ಣು ಮಂತ್ರಿಸಿ, ಒಂದು ಹರಕೆ ಕಟ್ಟಿಕೊಳ್ಳಿ... ಮುಗೀತು.

ಇನ್ನೊಂದು ಬಗೆಯ ಭಯ ಇದೆ. ಅದರಲ್ಲಿ ನಮ್ಮ ಮೇಲೆ ಯಾರಿಗೂ ಕೋಪವಿಲ್ಲ. ನಾವು ಇದ್ದೇವೆ ಅನ್ನೋದೇ ಅದಕ್ಕೆ ಗೊತ್ತಿಲ್ಲ. ಅಮೆರಿಕದ ಎಚ್.ಪಿ. ಲವ್‌ಕ್ರಾಫ್ಟ್ (1890-1937) ಅನ್ನುವ ಲೇಖಕ ಬರೆದದ್ದು ಈ ಭಯದ ಬಗ್ಗೆ. ಆತನ 'ದಿ ಕಾಲ್ ಆಫ್ ಕ್ತುಲ್ಹು' ಕಥೆ 1928ರಲ್ಲಿ ಅಚ್ಚಾಯಿತು. ಅದೇ ಹೆಸರಿನ ಆಟವನ್ನು ಸ್ಯಾಂಡಿ ಪೀಟರ್ಸನ್ ರೂಪಿಸಿ 1981ರಲ್ಲಿ ಕೇಯಾಸಿಯಂ ಕಂಪನಿ ಹೊರತಂದಿತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಕಂಪ್ಯೂಟರ್ ಬೇಡ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಅವನಿಗೆ ಕೀಪರ್ ಅಂತ ಹೆಸರು. ಉಳಿದವರು ಒಂದೊಂದು ಪಾತ್ರ ವಹಿಸುತ್ತಾರೆ. 'ನಾನು ಬಾಗಿಲು ತೆಗೀತೀನಿ' ಅಂತ ಒಬ್ಬ ಹೇಳಿದರೆ ಏನಾಗುತ್ತದೆ ಅನ್ನೋದನ್ನು ದಾಳ ಹೇಳುತ್ತದೆ. ಪ್ರತಿ ಪಾತ್ರಕ್ಕೂ 'ಮನಸ್ಸಿನ ಸ್ಥಿಮಿತ' ಅನ್ನುವ ಅಂಕ ಇರುತ್ತದೆ. ನೋಡಬಾರದ್ದನ್ನು ನೋಡಿದಷ್ಟೂ ಅದು ಇಳಿಯುತ್ತದೆ, ಸೊನ್ನೆಯಾದರೆ ಪಾತ್ರ ಹೋಯಿತು. 1890, 1920, ಇವತ್ತು, ರೋಮನ್ನರ ಕಾಲ, ಮಧ್ಯಯುಗ... ಹೀಗೆ ಬೇರೆ ಬೇರೆ ಕಾಲಕ್ಕೆ ಈ ಆಟದ ಪುಸ್ತಕಗಳು ಬಂದಿವೆ.

ಹಾಗಾದರೆ ನಮ್ಮ ಮಂಡ್ಯ ಸೀಮೆಯ ಕಾಲಗಳು? ಬನ್ನೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಸಿಗುವ ಕಿರುಗಾವಲನ್ನು ನಡುವೆ ಇಟ್ಟುಕೊಂಡು ಐದು ಕಾಲಕ್ಕೆ ಐದು ಆಟ ಕಟ್ಟಬಹುದು ಅನ್ನಿಸುತ್ತದೆ. ಇದಕ್ಕಾಗಿ ಒಂದು ಭೂತವನ್ನೂ ಹೊಸದಾಗಿ ಹುಟ್ಟಿಸಬೇಕಿಲ್ಲ. ಇತಿಹಾಸದಲ್ಲಿ ಇರುವುದೇ ಸಾಕು.

1. ಆತಕೂರು, ಸುಮಾರು 1004

ಮದ್ದೂರು ತಾಲ್ಲೂಕಿನ ಆತಕೂರು (ಈಗಿನ ಆತಗೂರು) ಶಾಸನ ಸಾಕಷ್ಟು ಜನಕ್ಕೆ ಗೊತ್ತು. ಕಾಲ 949-50. ರಾಷ್ಟ್ರಕೂಟರ ಮೂರನೇ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಅದರಲ್ಲಿದೆ. ಆದರೆ ಕಲ್ಲು ನಿಂತಿರುವುದು ರಾಜನಿಗಾಗಿ ಅಲ್ಲ, ಒಂದು ನಾಯಿಗಾಗಿ! ಬೂತುಗನ ಕಡೆಯ ವೀರ ಮಣಲೆರ ಮೆಚ್ಚುಗೆಯಾಗಿ ಕೇಳಿ ಪಡೆದದ್ದು 'ಕಾಳಿ' ಅನ್ನುವ ಬೇಟೆನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿ, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಗೊರವನನ್ನು ಗೊತ್ತು ಮಾಡಿದರು. ಕಲ್ಲಿಗೆ ಪೂಜೆ ಮಾಡದೆ ಉಂಡರೆ ಗೊರವನಿಗೆ ಪಾಪ ಅಂತಲೂ ಕೆತ್ತಿಸಿದರು.

ಸುಮಾರು 1004ರ ಹೊತ್ತಿಗೆ ಚೋಳರು ತಲಕಾಡನ್ನೇ ಹಿಡಿದರು. ಗಂಗರ ರಾಜ್ಯ ಮುಗಿಯಿತು.

*ಆಟಕ್ಕೆ:* ಆ ವರ್ಷ. ಪಾತ್ರಗಳು ಒಬ್ಬ ಗೊರವ, ಒಬ್ಬ ಕುಂಬಾರ, ಒಬ್ಬ ಬೇಟೆಗಾರ, ದಂಡಿನಿಂದ ಓಡಿ ಬಂದ ಒಬ್ಬ ಹುಡುಗ. ಕಾಳಿಯ ಪೂಜೆ ಯಾವತ್ತೋ ಒಂದು ದಿನ ತಪ್ಪಿದ್ದಕ್ಕೇ ಚೋಳರು ಬಂದರು ಅಂತ ಊರಲ್ಲಿ ಗುಲ್ಲು. ಯಾವ ದಿನ ತಪ್ಪಿತು, ಯಾರು ತಪ್ಪಿಸಿದರು, ಪತ್ತೆ ಮಾಡಬೇಕು. ಕೀಪರ್‌ಗೆ ಮಾತ್ರ ಗೊತ್ತಿರಬೇಕಾದ ಗುಟ್ಟು ಇಷ್ಟೇ: ಪೂಜೆ ಒಂದು ದಿನವೂ ತಪ್ಪಿಲ್ಲ. ಅಂದಹಾಗೆ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಅಲ್ಲಿ ಗೊರವರಿಲ್ಲ.

2. ತಲಕಾಡು, 1610ರ ನಂತರ

ಕಥೆ ಎಲ್ಲರಿಗೂ ಗೊತ್ತು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲರಾಯನಿಂದ ಶ್ರೀರಂಗಪಟ್ಟಣ ತೆಗೆದುಕೊಂಡರು. ಅವನ ಹೆಂಡತಿ ಅಲಮೇಲಮ್ಮನ ಒಡವೆಗೆ ಭಟರು ಬೆನ್ನು ಹತ್ತಿದರು. ಆಕೆ ಮಾಲಂಗಿಯಲ್ಲಿ ಕಾವೇರಿಗೆ ಹಾರಿದಳು. ಹಾರುವ ಮೊದಲು ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರು ದೊರೆಗಳಿಗೆ ಸಂತಾನಹೀನತೆ ಅಂತ ಮೂರು ಶಾಪ ಹಾಕಿದಳು. ಅರಮನೆಯಲ್ಲಿ ಅಲಮೇಲಮ್ಮನಿಗೆ ಇಂದಿಗೂ ಪೂಜೆ ಸಲ್ಲುತ್ತದೆ. 2017ರ ಡಿಸೆಂಬರಿನಲ್ಲಿ ರಾಜಮನೆತನದಲ್ಲಿ ಗಂಡುಮಗು ಹುಟ್ಟಿದಾಗ ಶಾಪ ಕಳೆಯಿತು ಅಂತ ಸುದ್ದಿಯೋ ಸುದ್ದಿ.

ಮರಳಿಗೆ ಇನ್ನೊಂದು ವಿವರಣೆಯೂ ಇದೆ. 14ನೇ ಶತಮಾನದಲ್ಲಿ ತಲಕಾಡಿನ ಬಳಿ ಕಾವೇರಿಗೆ ಮಾಧವಮಂತ್ರಿ ಅಣೆ ಕಟ್ಟಿದರು. ನದಿಯ ನೀರು ಸರಿದು ಪಾತ್ರದ ಮರಳು ಬಯಲಾಯಿತು. ಕಾವೇರಿ ಅಲ್ಲಿ ತಿರುವು ಹಾಕುತ್ತಾಳೆ. ನೈಋತ್ಯದ ಗಾಳಿ ವರ್ಷ ವರ್ಷವೂ ಆ ಮರಳನ್ನು ಊರಿನ ಮೇಲೆ ತಂದು ಸುರಿಯಿತು. ಗಂಗರ ರಾಜಧಾನಿ, ಚೋಳರು ಹಿಡಿದ ಊರು, 1117ರಲ್ಲಿ ವಿಷ್ಣುವರ್ಧನ ಕೀರ್ತಿನಾರಾಯಣನ ಗುಡಿ ಕಟ್ಟಿಸಿದ ಊರು... ಗಾಳಿಗೆ ಇದ್ಯಾವುದೂ ಗೊತ್ತಿಲ್ಲ. ಅಣೆ ಕಟ್ಟಿದವರಿಗೂ ಕೆಟ್ಟ ಉದ್ದೇಶ ಇರಲಿಲ್ಲ, ಗದ್ದೆಗೆ ನೀರು ಬೇಕಿತ್ತು ಅಷ್ಟೇ.

ಈಗ ಹೇಳಿ, ಯಾವುದು ಹೆಚ್ಚು ಭಯ? ಶಾಪ ಆದರೆ ಅದರಲ್ಲಿ ಒಬ್ಬ ಹೆಣ್ಣುಮಗಳು ಇದ್ದಾಳೆ, ಅವಳಿಗಾದ ಅನ್ಯಾಯ ಇದೆ, ಒಂದು ಲೆಕ್ಕಾಚಾರ ಇದೆ. ಬರೀ ಗಾಳಿ ಆದರೆ ಏನೂ ಇಲ್ಲ. ನಮ್ಮ ಹಿರಿಯರು ಶಾಪವನ್ನು ನಂಬಿದ್ದು ದಡ್ಡತನದಿಂದ ಅಲ್ಲ ಅಂತ ನನಗೆ ಅನ್ನಿಸುತ್ತದೆ. ಮರಳಿಗಿಂತ ಶಾಪವೇ ವಾಸಿ.

*ಆಟಕ್ಕೆ:* 1650ರ ಆಸುಪಾಸು. ತಲಕಾಡಿನ ಒಂದು ಮನೆ. ಪ್ರತಿ ಆಷಾಢಕ್ಕೂ ಒಂದೊಂದು ಬಾಗಿಲು ಮುಚ್ಚಿಹೋಗುತ್ತದೆ. ಆಟಗಾರರು ಶಾಪ ಕಳೆಯುವ ದಾರಿ ಹುಡುಕಲಿ. ಪ್ರತಿ ಸುತ್ತಿನ ಕೊನೆಗೆ ಕೀಪರ್ ಒಂದು ಮಾತನ್ನಷ್ಟೇ ಹೇಳಬೇಕು: ಮರಳು ಎಷ್ಟು ಮೊಳ ಬಂದಿದೆ ಅಂತ.

3. ಮಳವಳ್ಳಿ, 1799

1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪುವಿನ ದಂಡಿಗೂ ಜನರಲ್ ಹ್ಯಾರಿಸ್‌ನ ದಂಡಿಗೂ ಕಾಳಗವಾಯಿತು. ಟಿಪ್ಪು ಹಿಂದೆ ಸರಿದ. ಹ್ಯಾರಿಸ್ ಸೋಸಲೆಯ ಬಳಿ ಕಾವೇರಿ ದಾಟಿ ಶ್ರೀರಂಗಪಟ್ಟಣಕ್ಕೆ ನಡೆದ. ಮೇ 4ಕ್ಕೆ ಕೋಟೆ ಬಿತ್ತು. ಇದು ಪಠ್ಯಪುಸ್ತಕದ ಭಾಗ. ಹಳ್ಳಿಯ ಕಣ್ಣಿನಿಂದ ನೋಡಿ. ಹತ್ತಾರು ಸಾವಿರ ಎತ್ತು, ಅದಕ್ಕೆ ತಕ್ಕಷ್ಟು ಜನ, ಫಿರಂಗಿ. ಆ ದಂಡಿಗೆ ಸಿಗಬಾರದು ಅಂತ ಮೇವು ಸುಟ್ಟವರು ನಮ್ಮ ಕಡೆಯವರೇ. ಉಳಿದದ್ದನ್ನು ತಿಂದವರು ಅವರು.

ಏಪ್ರಿಲ್ 5ರ ರಾತ್ರಿ ಇನ್ನೊಂದು ಘಟನೆ ನಡೆಯಿತು. ಶ್ರೀರಂಗಪಟ್ಟಣದ ಬಳಿಯ ಸುಲ್ತಾನಪೇಟೆ ತೋಪಿಗೆ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಕತ್ತಲಲ್ಲಿ ನುಗ್ಗಿದ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ! ಆ ರಾತ್ರಿ ಮರಗಳ ನಡುವೆ ದಿಕ್ಕು ತಪ್ಪಿದ, ಅವನ ಸೈನಿಕರು ಚೆಲ್ಲಾಪಿಲ್ಲಿಯಾದರು, ಹನ್ನೆರಡು ಮಂದಿ ಸೆರೆಸಿಕ್ಕಿ ಸತ್ತರು. ಮುಂದಾಗಿ ನೋಡದ ಜಾಗಕ್ಕೆ ರಾತ್ರಿ ಹೊತ್ತು ನುಗ್ಗುವುದಿಲ್ಲ ಅಂತ ಅವನು ಆಮೇಲೆ ತೀರ್ಮಾನಿಸಿದ.

*ಆಟಕ್ಕೆ:* ಕಿರುಗಾವಲಿನಲ್ಲಿ ಟಿಪ್ಪು ಕಾಲದ್ದು ಅಂತ ಹೇಳುವ ಬಡಾಬಾಗ್ ಮಾವಿನ ತೋಪು ಇದೆ. ನೂರಕ್ಕೂ ಹೆಚ್ಚು ಬಗೆಯ ಮಾವು ಅಲ್ಲಿದೆ. ಅದನ್ನು ನೋಡಿಕೊಳ್ಳುವ ರೈತ ಸೈಯದ್ ಘನಿ ಖಾನ್ ನೂರಾರು ದೇಸಿ ಭತ್ತದ ತಳಿಗಳನ್ನೂ ಉಳಿಸಿ ಹೆಸರಾದವರು. ನಮ್ಮ ಆಟದಲ್ಲಿ ಅಂಥದೇ ಒಂದು ತೋಪು, ಅಮಾವಾಸ್ಯೆಯ ಕತ್ತಲು, ಅಡಗಿ ಕೂತ ಒಂದು ರೈತ ಕುಟುಂಬ. ಅವರ ಬಳಿ ಇರುವುದು ಬಿತ್ತನೆ ಭತ್ತದ ನಾಲ್ಕು ಮೂಟೆ. ಎರಡು ದಂಡುಗಳು ಒಂದನ್ನೊಂದು ಕಾಣದೆ ತೋಪಿನೊಳಗೆ ಅಲೆಯುತ್ತಿವೆ. ಯಾರಿಗೂ ಈ ಕುಟುಂಬದ ಮೇಲೆ ದ್ವೇಷ ಇಲ್ಲ. ಬೆಳಗಾಗುವಷ್ಟರಲ್ಲಿ ಬಿತ್ತನೆ ಉಳಿಯಬೇಕು, ಇಲ್ಲವಾದರೆ ಬರುವ ವರ್ಷ ಊರಿಲ್ಲ.

4. ಕನ್ನಂಬಾಡಿ, 1920ರ ದಶಕ

ಲವ್‌ಕ್ರಾಫ್ಟ್‌ನ ಸ್ವಂತ ಕಾಲ ಇದು. 1927ರಲ್ಲಿ ಅಚ್ಚಾದ ಅವನ ಒಂದು ಕಥೆಯಲ್ಲಿ ಆಕಾಶದಿಂದ ಕಲ್ಲೊಂದು ಬಿದ್ದು ಒಂದು ಹೊಲ, ಮನೆ ಎಲ್ಲ ನಾಶವಾಗುತ್ತದೆ. ಕಥೆ ಹೇಳುವವನು ಅಲ್ಲಿ ಜಲಾಶಯ ಕಟ್ಟಲು ಅಳತೆಗೆ ಬಂದ ಸರ್ವೇದಾರ. ಆ ಹೊತ್ತಿನಲ್ಲಿ ನಮ್ಮಲ್ಲಿ ಏನಾಗುತ್ತಿತ್ತು? 1911ರಲ್ಲಿ ಶುರುವಾದ ಕೃಷ್ಣರಾಜಸಾಗರ ಏಳುತ್ತಿತ್ತು!

ಇದರ ಹಿಂದಿನ ಸರಪಳಿ ನೋಡಿ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಕರೆಂಟೂ ಸೊರಗುತ್ತಿತ್ತು. ವರ್ಷಪೂರ್ತಿ ನೀರು ಬೇಕು ಅನ್ನೋದು ಅಣೆಕಟ್ಟಿಗೆ ಒಂದು ಮುಖ್ಯ ಕಾರಣ. ಅಣೆಕಟ್ಟು ಬಂತು, ಕನ್ನಂಬಾಡಿ ಊರು ವೇಣುಗೋಪಾಲಸ್ವಾಮಿ ಗುಡಿ ಸಮೇತ ನೀರಿಗೆ ಹೋಯಿತು. ನಾಲೆ ಬಂತು, ಮಂಡ್ಯ ಹಸಿರಾಯಿತು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು. ನಾವೆಲ್ಲ ಉಂಡದ್ದು ಆ ನೀರಿನ ಅನ್ನವೇ.

ಲವ್‌ಕ್ರಾಫ್ಟ್ ಮುಳುಗಿದ ನಗರವೊಂದು ಸಮುದ್ರದಿಂದ ಮೇಲೇಳುವುದನ್ನು ಕಲ್ಪಿಸಿಕೊಂಡ. ಕನ್ನಂಬಾಡಿಯಲ್ಲಿ ಬರಗಾಲ ಬಂದಾಗಲೆಲ್ಲ ಮುಳುಗಿದ ಗುಡಿ ನಿಜವಾಗಿಯೂ ಮೇಲೆ ಕಾಣುತ್ತಿತ್ತು. ಕೊನೆಗೆ ಅದರ ಕಲ್ಲುಗಳನ್ನು ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದರು.

*ಆಟಕ್ಕೆ:* ಪಾತ್ರಗಳು ಒಬ್ಬ ಸರ್ವೇದಾರ, ಶಾನುಭೋಗ, ಅರ್ಚಕ, ಪರಿಹಾರದ ಹಣಕ್ಕೆ ಅಲೆಯುವ ಒಬ್ಬ ರೈತ ಹೆಂಗಸು. ನಕ್ಷೆಯಲ್ಲಿ ನೀರಿನ ಗೆರೆ ಎಲ್ಲಿಗೆ ಬರುತ್ತದೆ ಅನ್ನೋದು ಸರ್ವೇದಾರನಿಗೆ ಮಾತ್ರ ಗೊತ್ತು. ಅವನು ಯಾರಿಗೆ, ಯಾವಾಗ ಹೇಳುತ್ತಾನೆ ಅನ್ನೋದೇ ಆಟ.

5. ಕೋಲಾರ ಗಣಿ, 1965

ಆ ಕರೆಂಟಿನ ತಂತಿ ಹಿಡಿದು ಇನ್ನೂ ಪೂರ್ವಕ್ಕೆ ಹೋಗೋಣ. 1965ರಲ್ಲಿ ಕೋಲಾರದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಭಾರತ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಪತ್ತೆ ಮಾಡಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲೂ ಅವು ಸಿಕ್ಕವು. ಸೂರ್ಯನಿಂದ ಬರುವ ನ್ಯೂಟ್ರಿನೊಗಳೇ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಸುಮಾರು 6,500 ಕೋಟಿ ಹಾದುಹೋಗುತ್ತವೆ. ನೀವು ಇದನ್ನು ಓದುವಾಗಲೂ ಹೋಗುತ್ತಿವೆ. ನಿಮ್ಮನ್ನು ತಟ್ಟುವುದಿಲ್ಲ, ಭೂಮಿಯನ್ನೂ ತಟ್ಟುವುದಿಲ್ಲ. ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ವಿಶ್ವ ಅಂದರೆ ಇದಲ್ಲವೇ?

*ಆಟಕ್ಕೆ:* ಗಣಿಯಲ್ಲಿ ಬಂಡೆ ಸಿಡಿಯುವುದು ಕಾರ್ಮಿಕರು ದಿನಾ ಎದುರಿಸುತ್ತಿದ್ದ ಅಪಾಯ. ಮೇಲೆ ಬರುವ ದಾರಿ ಮುಚ್ಚಿದೆ. ಕೆಳಗೆ ಇಬ್ಬರು ವಿಜ್ಞಾನಿಗಳು, ಮೂವರು ಗಣಿ ಕಾರ್ಮಿಕರು. ಯಂತ್ರ ಆಗೊಮ್ಮೆ ಈಗೊಮ್ಮೆ ಟಿಕ್ ಅನ್ನುತ್ತದೆ. ಅದು ಸಂಕೇತವೇ ಅಂತ ಕಾರ್ಮಿಕರು ಕೇಳುತ್ತಾರೆ. ವಿಜ್ಞಾನಿಗೆ ನಿಜ ಗೊತ್ತು, ಅದು ಯಾರೂ ಕಳಿಸಿದ್ದಲ್ಲ. ಹೇಳಬೇಕೋ ಬೇಡವೋ?

ಒಂದು ಎಚ್ಚರಿಕೆ

ಲವ್‌ಕ್ರಾಫ್ಟ್ ಜನಾಂಗದ್ವೇಷಿ. ಅವನ ಕಥೆಗಳಲ್ಲಿ ಘೋರ ದೇವರಿಗೆ ಪೂಜೆ ಮಾಡುವವರು ಬಹುತೇಕ ಕಪ್ಪು ಬಣ್ಣದವರು, ಬಡ ನಾವಿಕರು, ವಲಸೆ ಬಂದವರು. ಅದನ್ನು ಹಾಗೆಯೇ ಇಲ್ಲಿಗೆ ತಂದರೆ ಏನಾಗುತ್ತದೆ? ಬೊಪ್ಪಗೌಡನಪುರದ ಮಂಟೇಸ್ವಾಮಿ, ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋದ ಸಿದ್ಧಪ್ಪಾಜಿ, ರಾತ್ರಿಯಿಡೀ ತಂಬೂರಿ ಹಿಡಿದು ಅವರನ್ನು ಹಾಡುವ ನೀಲಗಾರರು, ಮಳವಳ್ಳಿಯ ಸಿಡಿ ಹಬ್ಬ, ಊರೂರಿನ ಮಾರಮ್ಮ... ಇವೆಲ್ಲ 'ಗುಪ್ತ ಪಂಥ' ಆಗಿಬಿಡುತ್ತವೆ. ದಯವಿಟ್ಟು ಬೇಡ. ತಳಸಮುದಾಯದ ದೇವರನ್ನು ರಾಕ್ಷಸ ಮಾಡುವ ಕೆಲಸ ನಮ್ಮಲ್ಲಿ ಈಗಾಗಲೇ ಬೇಕಾದಷ್ಟು ಆಗಿದೆ. ಹಾಗೆಯೇ 2015ರಲ್ಲಿ ಮಂಡ್ಯ ಜಿಲ್ಲೆ ಕಂಡ ರೈತರ ಆತ್ಮಹತ್ಯೆಗಳನ್ನೂ ಆಟಕ್ಕೆ ತರಬೇಡಿ. ಅವು ಇನ್ನೂ ಮನೆಮನೆಯ ದುಃಖ.

ನಿಯಮಕ್ಕೆ ಒಂದು ತಿದ್ದುಪಡಿ

ಮೂಲ ಆಟದಲ್ಲಿ ನಿಜ ತಿಳಿದಷ್ಟೂ ಸ್ಥಿಮಿತ ಇಳಿಯುತ್ತದೆ. ನಮ್ಮ ಆಟಕ್ಕೆ ಇನ್ನೊಂದು ನಿಯಮ ಸೇರಿಸೋಣ: ನೆನಪಿಗಾಗಿ ಏನಾದರೂ ಮಾಡಿದರೆ ಅಂಕ ವಾಪಸ್ ಬರಲಿ. ನಾಯಿಗೆ ಕಲ್ಲು ನೆಟ್ಟರೆ, ಬಿತ್ತನೆ ಉಳಿಸಿದರೆ, ಮುಳುಗಿದ ಊರಿನ ಮನೆಮನೆಯ ಹೆಸರು ಬರೆದಿಟ್ಟರೆ, ಸತ್ತವರನ್ನು ಹಾಡಿದರೆ. ಇದು ನನ್ನ ಕಲ್ಪನೆ ಅಲ್ಲ. ಈ ಸೀಮೆಯ ಜನ ಸಾವಿರ ವರ್ಷದಿಂದ ಮಾಡಿಕೊಂಡು ಬಂದದ್ದೇ ಇದು.

ತಲಕಾಡನ್ನೇ ನೋಡಿ. ಕಾರ್ತಿಕದಲ್ಲಿ ಯೋಗ ಕೂಡಿಬಂದ ವರ್ಷ ಪಂಚಲಿಂಗ ದರ್ಶನ ನಡೆಯುತ್ತದೆ. 2009ರಲ್ಲಿ ನಡೆಯಿತು, 2013ರಲ್ಲಿ ನಡೆಯಿತು, 2020ರಲ್ಲಿ ನಡೆಯಿತು. ಪ್ರತಿ ಸಲವೂ ಗುಡಿಗಳ ಸುತ್ತ ಮರಳು ತೆಗೆಯುತ್ತಾರೆ. ಗಾಳಿ ಮತ್ತೆ ತುಂಬುತ್ತದೆ ಅಂತ ತೆಗೆಯುವವರಿಗೆ ಚೆನ್ನಾಗಿ ಗೊತ್ತು. ಆದರೂ ಮುಂದಿನ ಸಲ ಮತ್ತೆ ತೆಗೆಯುತ್ತಾರೆ.

ನಿಮ್ಮೂರಿನ ಕಡೆ ಇಂಥ ಕಾಲ, ಇಂಥ ಜಾಗ ಯಾವುದಿದೆ? ಆರನೇ ಆಟಕ್ಕೆ ಅದನ್ನೇ ತೆಗೆದುಕೊಳ್ಳೋಣ, ತಿಳಿಸಿ.