ಖಡ್ಕಿಯ ಸಂಜೆ, ಕನ್ನಡದ ಗಡಿ

ಪುಣೆಯಲ್ಲಿ ಮುಳಾ, ಮುಠಾ ನದಿಗಳು ಕೂಡುವ ಸಂಗಮದಲ್ಲಿ ಇಂಗ್ಲಿಷರ ರೆಸಿಡೆಂಟ್ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ನನ ಬಂಗಲೆ ಇತ್ತು. 1817ರ ನವೆಂಬರ್ 5ರ ಮಧ್ಯಾಹ್ನ ಅವನು ಅದನ್ನು ಬಿಟ್ಟು ನದಿ ದಾಟಿ ಖಡ್ಕಿಯ ಕಡೆಗಿದ್ದ ತನ್ನ ಪಡೆಯನ್ನು ಸೇರಿಕೊಂಡ. ಅವನ ಬೆನ್ನಿಗೇ ಬಂಗಲೆಗೆ ಬೆಂಕಿ ಬಿದ್ದು ಪುಸ್ತಕಗಳೆಲ್ಲ ಬೂದಿಯಾದವು. ಪೇಶ್ವೆ ಎರಡನೇ ಬಾಜೀರಾವ್ ಪರ್ವತಿ ಗುಡ್ಡದ ಮೇಲೆ ನಿಂತು ನೋಡುತ್ತಿದ್ದ. ಬಯಲಿನಲ್ಲಿ ಸೇನಾಪತಿ ಬಾಪು ಗೋಖಲೆಯ ಕೈಕೆಳಗೆ ಸುಮಾರು 18,000 ಕುದುರೆ, 8,000 ಕಾಲಾಳು. ಎದುರಿಗೆ ಕರ್ನಲ್ ಬರ್‌ನ ಮೂರು ಸಾವಿರಕ್ಕೂ ಕಡಿಮೆ ಸಿಪಾಯಿಗಳು. ಜರಿಪಟ್ಕಾ ಬಾವುಟ ಹಿಡಿದು ಮುನ್ನುಗ್ಗಿದ ಕುದುರೆಪಡೆ ಇಂಗ್ಲಿಷರ ಸಾಲಿನ ಮುಂದಿದ್ದ, ದೂರದಿಂದ ಕಣ್ಣಿಗೆ ಬೀಳದ ಕೆಸರು ಹಳ್ಳಕ್ಕೆ ಸಿಕ್ಕಿಕೊಂಡಿತು. ಮುಂದಿನವು ಹೂತುಕೊಂಡವು, ಹಿಂದಿನವು ಅವುಗಳ ಮೇಲೆ ಬಿದ್ದವು, ಗುಂಡಿನ ಮಳೆ ಉಳಿದ ಕೆಲಸ ಮಾಡಿತು. ಇಷ್ಟು ದೊಡ್ಡ ಸೇನೆಯನ್ನು ಒಂದು ಹಳ್ಳ ತಡೆಯಿತೆಂದ ಮೇಲೆ, ಆ ಹಳ್ಳ ಅಲ್ಲಿರದಿದ್ದರೆ ಏನಾಗುತ್ತಿತ್ತು ಎಂಬ ಕಲ್ಪನೆ ಹುಟ್ಟುವುದು ಸಹಜ.

ಇಂಥ ಕಲ್ಪನೆಯನ್ನು ಬರೀ ಹರಟೆ ಎಂದು ತಳ್ಳಿಹಾಕಬೇಕಿಲ್ಲ, ಆದರೆ ಅದಕ್ಕೊಂದು ಕಟ್ಟುಪಾಡು ಬೇಕು. ಆ ಕಾಲದವರ ಕೈಯಲ್ಲಿ ನಿಜವಾಗಿ ಇದ್ದ ಆಯ್ಕೆಗಳನ್ನಷ್ಟೇ ಬದಲಿಸಿ ನೋಡಬೇಕು. ಮಿಕ್ಕಿದ್ದನ್ನು ಇದ್ದಂತೆಯೇ ಬಿಡಬೇಕು. ಹಾಗೆ ನೋಡಿದರೆ ಇಲ್ಲಿ ಎರಡು ಪ್ರಶ್ನೆಗಳಿವೆ: ಪೇಶ್ವೆ ಖಡ್ಕಿಯಲ್ಲಿ ಗೆದ್ದಿದ್ದರೆ ಏನಾಗುತ್ತಿತ್ತು? ಯುದ್ಧಕ್ಕೇ ಇಳಿಯದಿದ್ದರೆ ಏನಾಗುತ್ತಿತ್ತು? ಮೊದಲನೆಯದು ರೋಚಕ, ಆದರೆ ಅದರಿಂದ ಹೆಚ್ಚೇನೂ ಬದಲಾಗುತ್ತಿರಲಿಲ್ಲ. ಎರಡನೆಯದು ಸಪ್ಪೆಯಾಗಿ ಕಾಣುತ್ತದೆ. ಆದರೆ ಅದರ ಉತ್ತರ ಕೃಷ್ಣೆಯಿಂದ ವರದಾ ನದಿಯವರೆಗಿನ ಕನ್ನಡ ನಾಡಿನ ನಕ್ಷೆಯನ್ನೇ ಬೇರೆ ಮಾಡುತ್ತಿತ್ತು ಎಂಬುದು ನನ್ನ ವಾದ.

ಮೊದಲು ಜಗಳದ ಬೇರನ್ನು ನೋಡೋಣ. 1802ರ ಅಕ್ಟೋಬರ್‌ನಲ್ಲಿ ಯಶವಂತರಾವ್ ಹೋಳ್ಕರನಿಗೆ ಸೋತು ಓಡಿದ ಬಾಜೀರಾವ್, ಅದೇ ಡಿಸೆಂಬರ್ 31ರಂದು ವಸಾಯಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ. ಕಂಪನಿಯ ಪಡೆಯ ಖರ್ಚಿಗೆಂದು ಬರೆದುಕೊಟ್ಟ ಸೀಮೆಗಳಲ್ಲಿ ಸವಣೂರು, ಬಂಕಾಪುರಗಳೂ ಇದ್ದವು. ವರ್ಷ ತುಂಬುವುದರೊಳಗೆ ಕಂಪನಿ ಅವನ್ನು ಹಿಂದಿರುಗಿಸಿ ಬದಲಿಗೆ ದೂರದ ಬುಂದೇಲಖಂಡದಲ್ಲಿ ನೆಲ ತೆಗೆದುಕೊಂಡಿತು. ಕನ್ನಡದ ಎರಡು ಸೀಮೆಗಳು ಅಲ್ಲಿನವರ ಅರಿವಿಗೂ ಬಾರದೆ ಕೈಬದಲಾಗಿ ಮತ್ತೆ ಮರಳಿದವು. ಮುಂದೆ ಅಹಮದಾಬಾದಿನ ಇಜಾರೆ ಮತ್ತು ಬರೋಡೆಯ ಗಾಯಕವಾಡರ ಹಳೆಯ ಬಾಕಿಯ ತಕರಾರು ಬಂತು. ಅದರ ಮಾತುಕತೆಗೆ ಬಂದಿದ್ದ ಬರೋಡೆಯ ವಕೀಲ ಗಂಗಾಧರ ಶಾಸ್ತ್ರಿ 1815ರ ಜುಲೈನಲ್ಲಿ ಪಂಢರಪುರದಲ್ಲಿ ಕೊಲೆಯಾದ. ಆರೋಪ ಹೊತ್ತ ಪೇಶ್ವೆಯ ನೆಚ್ಚಿನ ತ್ರಿಂಬಕಜಿ ಡೇಂಗಳೆ ಮರುವರ್ಷ ಠಾಣೆಯ ಕೋಟೆಯಿಂದ ತಪ್ಪಿಸಿಕೊಂಡ. ಇದನ್ನೇ ನೆಪ ಮಾಡಿಕೊಂಡು ಎಲ್ಫಿನ್‌ಸ್ಟನ್ 1817ರ ಜೂನ್ 13ರಂದು ಪುಣೆಯ ಒಪ್ಪಂದವನ್ನು ಹೇರಿದ. ಮರಾಠರ ಮುಖ್ಯಸ್ಥ ತಾನೆಂಬ ಹಕ್ಕಿನ ಜೊತೆಗೆ ಧಾರವಾಡ, ಕುಸುಗಲ್ಲ ಕೋಟೆಗಳನ್ನೂ ವರದೆಯ ದಕ್ಷಿಣದ ಸೀಮೆಗಳನ್ನೂ ಪೇಶ್ವೆ ಬಿಟ್ಟುಕೊಡಬೇಕಾಯಿತು. ಇದು ಎರಡು ಊರಿನವರು ಗಡಿಕಲ್ಲಿಗಾಗಿ ಬಡಿದಾಡಿದ ಜಗಳವಲ್ಲ, ನಿಜ. ಆದರೂ ಗಡಿಯನ್ನು ಕಾಗದದ ಮೇಲೆ ಹಿಂದೆ ಸರಿಸಿದ್ದೇ ಐದು ತಿಂಗಳಲ್ಲಿ ಯುದ್ಧಕ್ಕೆ ಕಾರಣವಾಯಿತು.

ಈಗ ಬಾಪು ಗೋಖಲೆ ಗೆದ್ದನೆಂದೇ ಇಟ್ಟುಕೊಳ್ಳೋಣ. ಜನರಲ್ ಸ್ಮಿತ್‌ನ ದೊಡ್ಡ ಪಡೆ ನವೆಂಬರ್ 13ಕ್ಕೆ ಪುಣೆ ತಲುಪಿತು. ನಗರ 17ರಂದು ಇಂಗ್ಲಿಷರ ಕೈಸೇರಿತು. ಖಡ್ಕಿಯ ಗೆಲುವು ಎಂಟು ದಿನಗಳ ಬಿಡುವು ಕೊಡುತ್ತಿತ್ತು, ಅಷ್ಟೇ. ಆ ಗೆಲುವಿನ ಸುದ್ದಿಗೆ ಉತ್ತರದ ಮರಾಠರೆಲ್ಲ ಒಂದಾಗಿ ಏಳುತ್ತಿದ್ದರು ಎಂದು ವಾದಿಸಬಹುದು. ಆದರೆ ಅವರಲ್ಲಿ ಬಲಿಷ್ಠನಾದ ದೌಲತ್‌ರಾವ್ ಶಿಂದೆ ಗ್ವಾಲಿಯರದಲ್ಲಿ ಕಂಪನಿಯ ಒಪ್ಪಂದಕ್ಕೆ ಸಹಿ ಹಾಕಿದ್ದು ಅದೇ ನವೆಂಬರ್ 5ರಂದು. ಪುಣೆಯ ಸುದ್ದಿ ಹೊತ್ತ ಸವಾರ ಅಲ್ಲಿಗೆ ಮುಟ್ಟುವ ಮೊದಲೇ ಶಿಂದೆಯ ಕೈ ಕಟ್ಟಿತ್ತು. ನಾಗಪುರದ ಭೋಸಲೆ ನವೆಂಬರ್ ಕೊನೆಗೆ ಸೀತಾಬರ್ಡಿಯಲ್ಲಿ, ಹೋಳ್ಕರನ ಸೇನೆ ಡಿಸೆಂಬರ್ 21ರಂದು ಮಹಿದ್‌ಪುರದಲ್ಲಿ ಒಂಟಿಯಾಗಿ ಹೋರಾಡಿ ಸೋತವು. ಪಿಂಡಾರಿಗಳನ್ನು ಅಡಗಿಸುವ ಹೆಸರಿನಲ್ಲಿ ಗವರ್ನರ್ ಜನರಲ್ ಹೇಸ್ಟಿಂಗ್ಸ್ ಒಂದು ಲಕ್ಷಕ್ಕೂ ಮೀರಿದ ಸೇನೆಯನ್ನು ಆಗಲೇ ಕೂಡಿಹಾಕಿದ್ದ. ಕೆಸರು ಹಳ್ಳ ಇರದಿದ್ದರೂ ಈ ಲೆಕ್ಕ ಬದಲಾಗುತ್ತಿರಲಿಲ್ಲ.

ದಕ್ಷಿಣದಲ್ಲಂತೂ ಪುಣೆಯ ಬೇರು ಮೊದಲೇ ಸಡಿಲವಾಗಿತ್ತು. ಜೂನ್ ಒಪ್ಪಂದದ ಸೀಮೆಗಳನ್ನು ವಹಿಸಿಕೊಳ್ಳಲು ಬಂದಿದ್ದ ಥಾಮಸ್ ಮುನ್ರೋ, ಕೆನರಾ ಮತ್ತು ಬಳ್ಳಾರಿಯ ಕಡೆ ವರ್ಷಗಟ್ಟಲೆ ಕಂದಾಯದ ಕೆಲಸ ಮಾಡಿ ಪಳಗಿದವನು. ಯುದ್ಧ ಶುರುವಾದಾಗ ಅವನ ಬಳಿ ಹೇಳಿಕೊಳ್ಳುವಂಥ ಸೈನ್ಯ ಇರಲಿಲ್ಲ. ಅವನು ಶತ್ರುವಿನ ತಾಲ್ಲೂಕುಗಳಿಗೆ ತನ್ನ ಅಮಲ್ದಾರರನ್ನು ನೇಮಿಸಿ, ಊರ ಪೇದೆಗಳನ್ನೇ ಸೇರಿಸಿಕೊಂಡು ವಸೂಲಿ ಶುರುಮಾಡಿ ಎಂದು ಕಳಿಸಿಬಿಟ್ಟ. ರೈತ ಯಾರಿಗೆ ಕಂದಾಯ ಕಟ್ಟುತ್ತಾನೋ ಅವನೇ ಒಡೆಯ ಎಂಬ ಸರಳ ಲೆಕ್ಕ ಅದು. ಗೋಖಲೆ ಮನೆತನದ ಕೈಯಲ್ಲಿದ್ದ ನವಲಗುಂದವೂ ಹೀಗೇ ಹೋಯಿತು. ಗದಗ, ಬಾದಾಮಿಗಳ ನಂತರ 1818ರ ಏಪ್ರಿಲ್‌ನಲ್ಲಿ ಬೆಳಗಾವಿಯ ಕೋಟೆ ಬಿತ್ತು. ಆ ಮುತ್ತಿಗೆಯಲ್ಲಿ ಕಿತ್ತೂರಿನ ದೇಸಾಯಿ ಮುನ್ರೋಗೆ ನೆರವಾದ. ಅದಕ್ಕೆ ಕಾರಣ ಹುಡುಕಬೇಕಿಲ್ಲ. ಅವನ ತಂದೆ ಮಲ್ಲಸರ್ಜನನ್ನು ಇದೇ ಬಾಜೀರಾವ್ ಪುಣೆಯಲ್ಲಿ ಸೆರೆಯಿಟ್ಟಿದ್ದ. ಬಿಡುಗಡೆಯಾದ ಮಲ್ಲಸರ್ಜ 1816ರಲ್ಲಿ ಮರಳುವ ದಾರಿಯಲ್ಲೇ ತೀರಿಕೊಂಡ. ಪುಣೆ ಬಿಟ್ಟು ಓಡಿದ ಪೇಶ್ವೆ ಕೃಷ್ಣೆ ದಾಟಿ ಘಟಪ್ರಭೆಯ ತನಕ ಬಂದರೂ ಆಸರೆ ಸಿಗದೆ ಹಿಂದಿರುಗಿದ. ಖಡ್ಕಿಯ ಗೆಲುವು ಘಟಪ್ರಭೆಯ ದಡದಲ್ಲಿ ಅವನಿಗೆ ಹೊಸ ನೆಂಟರನ್ನೇನೂ ತಂದುಕೊಡುತ್ತಿರಲಿಲ್ಲ.

ಎರಡನೆಯ ಪ್ರಶ್ನೆ ಹೀಗಲ್ಲ. ಬಾಜೀರಾವ್ ಹಿಂದೆಮುಂದೆ ನೋಡುವ ಸ್ವಭಾವದವನು. ಅಕ್ಟೋಬರ್ ಕೊನೆಗೆ ಗೋಖಲೆ ದಾಳಿಗೆ ಒತ್ತಾಯಿಸಿದಾಗಲೂ ತಡೆದಿದ್ದ. ನವೆಂಬರ್‌ನಲ್ಲೂ ತಡೆದಿದ್ದರೆ, ಜೂನ್ ಒಪ್ಪಂದದಂತೆ ಧಾರವಾಡ, ರಾಣೆಬೆನ್ನೂರು ಕಂಪನಿಗೆ, ಬೆಳಗಾವಿ, ಬಾದಾಮಿ, ಬಾಗಲಕೋಟೆ ಪೇಶ್ವೆಗೆ ಉಳಿಯುತ್ತಿದ್ದವು. ಗಡಿ ಧಾರವಾಡದ ಹೊಸ್ತಿಲಲ್ಲೇ ಬೀಳುತ್ತಿತ್ತು. ಆ ಗಡಿಯ ಆಚೆಯ ಬದುಕು ಹೇಗಿರುತ್ತಿತ್ತು ಎಂಬುದಕ್ಕೆ ಊಹೆಯ ಅಗತ್ಯವೇ ಇಲ್ಲ. ಪೇಶ್ವೆಯ ಸರದಾರರಾಗಿದ್ದ ಪಟವರ್ಧನರು ಕಂಪನಿಯ ಜೊತೆ ರಾಜಿಯಾಗಿ 1948ರ ತನಕ ತಮ್ಮ ಸಂಸ್ಥಾನಗಳನ್ನು ಉಳಿಸಿಕೊಂಡರು. ಜಮಖಂಡಿ ಒಂದು ಶಾಖೆಯ ರಾಜಧಾನಿ. ತೇರದಾಳ, ಶಿರಹಟ್ಟಿ ಸಾಂಗಲಿಗೆ, ಲಕ್ಷ್ಮೇಶ್ವರ ಮಿರಜಕ್ಕೆ ಸೇರಿದ್ದವು. ಆದಿಕವಿ ಪಂಪನ ಹೆಸರಿನೊಡನೆ ಬೆಸೆದ ಪುಲಿಗೆರೆಯೇ ಈ ಲಕ್ಷ್ಮೇಶ್ವರ. ಅಂಥ ಊರಿನ ದರ್ಬಾರಿನ ನುಡಿ ಮರಾಠಿ, ದಫ್ತರದ ಲಿಪಿ ಮೋಡಿ. ರೈತ ಮನೆಯಲ್ಲಿ ಕನ್ನಡ ಆಡುತ್ತಿದ್ದ. ಅವನ ಹೊಲದ ಲೆಕ್ಕ ಮಾತ್ರ ಅವನಿಗೆ ಓದಲು ಬಾರದ ಅಕ್ಷರದಲ್ಲಿತ್ತು.

ಕಂಪನಿಯ ಧಾರವಾಡದಲ್ಲೂ ಮೊದಮೊದಲು ಮರಾಠಿಯದೇ ಮೇಲುಗೈ ಇತ್ತಲ್ಲ ಎಂದು ಆಕ್ಷೇಪಿಸಬಹುದು. ಇತ್ತು. ಆದರೆ ಅಲ್ಲಿನ ಸರ್ಕಾರಕ್ಕೆ ಮರಾಠಿ ಮನೆಮಾತಾಗಿರಲಿಲ್ಲ. ಆದ್ದರಿಂದಲೇ 1860ರ ದಶಕದಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಶಾಲೆಗಳಲ್ಲಿ ಕನ್ನಡಕ್ಕಾಗಿ ಪಟ್ಟು ಹಿಡಿದು ದುಡಿಯಲು ಸಾಧ್ಯವಾಯಿತು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಅರಸನ ಮನೆಮಾತಿನ ವಿರುದ್ಧ ಅರ್ಜಿ ಹಾಕುವುದಕ್ಕಿಂತ ಎರಡೂ ನುಡಿ ಪರಕೀಯವಾದ ಕಚೇರಿಗೆ ಅರ್ಜಿ ಹಾಕುವುದು ಸುಲಭ. ಬೆಳಗಾವಿ, ಬಾಗಲಕೋಟೆಗಳು ಪೇಶ್ವೆಯ ಕೈಯಲ್ಲೇ ಉಳಿದಿದ್ದರೆ ಈ ಅರ್ಜಿ ಅಲ್ಲಿ ಬಹಳ ತಡವಾಗಿ ಹುಟ್ಟುತ್ತಿತ್ತು.

ಇದಕ್ಕಿಂತ ಗಟ್ಟಿ ಆಕ್ಷೇಪ ಇನ್ನೊಂದಿದೆ: ಯುದ್ಧವಾಗದಿದ್ದರೂ ಕಂಪನಿ ಪೇಶ್ವೆಯನ್ನು ಬಿಡುತ್ತಿತ್ತೇ? ಗಡಿ ತಕರಾರಿಗಾಗಿಯೇ 1814ರಿಂದ 1816ರವರೆಗೆ ಕಂಪನಿಯೊಡನೆ ಹೋರಾಡಿ ಸೋತ ನೇಪಾಳ ನೆಲ ಕಳೆದುಕೊಂಡೂ ರಾಜ್ಯವಾಗಿ ಉಳಿಯಿತು. ನಿಜಾಮ, ಗಾಯಕವಾಡ, ಶಿಂದೆ ಉಳಿದರು. ಆದರೆ ಬಾಜೀರಾವ್‌ಗೆ ಔರಸ ಪುತ್ರ ಉಳಿಯಲಿಲ್ಲ. ಪದಚ್ಯುತನಾದ ಮೇಲೆ ನೆಲೆಸಿದ ಬಿಠೂರಿನಲ್ಲಿ ದತ್ತು ಪಡೆದ ನಾನಾಸಾಹೇಬನ ಹಕ್ಕನ್ನು ಕಂಪನಿ ಒಪ್ಪಲಿಲ್ಲ. ಬಾಜೀರಾವ್ ಸತ್ತದ್ದು 1851ರಲ್ಲಿ, ಡಾಲ್‌ಹೌಸಿ ದತ್ತಕದ ನೆಪದಿಂದ ಸಾತಾರವನ್ನು ನುಂಗಿ ಮೂರು ವರ್ಷಕ್ಕೆ. ಹಾಗಾಗಿ ಪುಣೆಗೆ 33 ವರ್ಷಗಳ ಆಯುಷ್ಯ ಹೆಚ್ಚುತ್ತಿತ್ತೆಂದಷ್ಟೇ ಹೇಳಬಹುದು. ಆದರೆ ನಾಡಿನ ನಕ್ಷೆಗೆ ಆ 33 ವರ್ಷ ಸಣ್ಣದಲ್ಲ. ಮುನ್ರೋ ಹಾಗೂ ಧಾರವಾಡದ ಕಲೆಕ್ಟರ್ ಥ್ಯಾಕರೆ ಇಬ್ಬರೂ ಮದ್ರಾಸ್ ಸೇವೆಯವರು. ಆದರೂ ಕೃಷ್ಣೆಯವರೆಗಿನ ನೆಲವೆಲ್ಲ ಒಟ್ಟಿಗೆ ದಕ್ಕಿತೆಂದೇ ಧಾರವಾಡ, ಬೆಳಗಾವಿ ಒಂದಾಗಿ ಮುಂಬಯಿ ಪ್ರಾಂತ್ಯಕ್ಕೆ ಹೋದವು. 1836ರಲ್ಲಿ ಬೇರೆ ಜಿಲ್ಲೆಗಳಾದರೂ ಪ್ರಾಂತ್ಯ ಒಂದೇ ಉಳಿಯಿತು. ಬರೀ ಧಾರವಾಡದ ತುಂಡು ಸಿಕ್ಕಿದ್ದರೆ ಬಳ್ಳಾರಿಯಂತೆ ಅದೂ ಮದ್ರಾಸಿಗೆ ಸೇರುವ ಸಂಭವವೇ ಹೆಚ್ಚು.

ಈ ವಾದ ಕಂಪನಿಯ ಹೊಗಳಿಕೆಯಲ್ಲ. ನೆರವು ಕೊಟ್ಟ ಕಿತ್ತೂರನ್ನು ಅದೇ ಕಂಪನಿ ಆರು ವರ್ಷಗಳಲ್ಲಿ ದತ್ತಕದ ತಕರಾರಿನಿಂದ ಮುರಿಯಿತು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ರಾಣಿ ಚೆನ್ನಮ್ಮನ ಪಡೆಯ ಎದುರು ಥ್ಯಾಕರೆ ಸತ್ತ. ಯುದ್ಧವಾಗದಿದ್ದರೆ ಕಿತ್ತೂರಿನ ದತ್ತಕ ಪುಣೆಯಲ್ಲಿ ನಜರಾಣೆಯ ಮೊತ್ತದ ಮೇಲೆ ತೀರ್ಮಾನವಾಗುತ್ತಿತ್ತು. ಪುಣೆಯಿಂದ ಬರುವ ದಯೆ ಎಂಥದೆಂದು ಮಲ್ಲಸರ್ಜನ ಸಾವು ಮೊದಲೇ ತಿಳಿಸಿತ್ತು.

ಗೆದ್ದ ಮೇಲೆ ಕಂಪನಿ ಈ ಕನ್ನಡ ಸೀಮೆಯನ್ನು ದಕ್ಷಿಣ ಮರಾಠಾ ದೇಶವೆಂದೇ ಕರೆಯಿತು. ಆ ಹೆಸರು ಬಂದದ್ದು ಸೋತ ಒಡೆಯನಿಂದ. ಉಳುವವನ ನುಡಿಯನ್ನು ಯಾರೂ ಕೇಳಿರಲಿಲ್ಲ. 1882ರಲ್ಲಿ ಹುಟ್ಟಿ ಧಾರವಾಡದಲ್ಲಿ ಕಚೇರಿ ತೆರೆದ ರೈಲ್ವೆ ಕಂಪನಿಗೂ ಸದರ್ನ್ ಮರಾಠಾ ಎಂಬ ಹೆಸರೇ ಅಂಟಿತು. ಅಷ್ಟು ಹೊತ್ತಿಗೆ ಪೇಶ್ವೆ ಹೋಗಿ 64 ವರ್ಷ ಆಗಿತ್ತು. ಗಡಿಯ ಬಗ್ಗೆ ಇಂದು ವಾದ ಮಾಡುವವರು ಎರಡೂ ಕಡೆ ಹಳೆಯ ದಾಖಲೆ ತೋರಿಸುತ್ತಾರೆ. ಆ ದಾಖಲೆ ಯಾವ ಭಾಷೆಯಲ್ಲಿದೆ ಎಂದು ನೋಡುವುದರ ಜೊತೆಗೆ, ಯಾವ ಸೋಲು ಗೆಲುವಿನಿಂದ ಅದು ಆ ಭಾಷೆಯಲ್ಲಿ ಉಳಿಯಿತು ಎಂದೂ ಕೇಳಿಕೊಳ್ಳಬೇಕು.